ಸೌದೆಯ ರಾಶಿಯಲ್ಲಿ ಸಿಕ್ಕ ಸ್ವರ

ಡೆನ್ಮಾರ್ಕಿಗೆ ಹೊರಟು ನಿಂತಾಗ ನನ್ನ ತಾಯಿ ನನಗೊಪ್ಪಿಸಿದ ಸಾಮಾನುಗಳಲ್ಲಿ ಚಟ್ನಿಪುಡಿಯ ಡಬ್ಬಿ, ಹುಣಿಸೆಹಣ್ಣಿನ ಪೊಟ್ಟಣ, ಒಂದು ಕನ್ನಡ ಬಾಲಬೋಧೆ ಇವುಗಳಲ್ಲದೆ, ತಕ್ಕಡಿಗೆ ಸಿಕ್ಕದ ಇನ್ನೊಂದು ಹೊರೆಯೂ ಇತ್ತು. "ಹುಡುಗಿ ನಮ್ಮವಳಾಗಿ ಉಳಿದಿದ್ದಾಳೆಯೋ, ಅಲ್ಲಿಯವಳೇ ಆಗಿಬಿಟ್ಟಿದ್ದಾಳೆಯೋ, ಸರಿಯಾಗಿ ನೋಡಿಕೊಂಡು ಬಾರಪ್ಪ" ಎಂದರು. ಹುಡುಗಿಯೆಂದರೆ ನನ್ನ ತಂಗಿಯ ಒಂಬತ್ತು ವರ್ಷದ ಮಗಳು. ತಂಗಿಯ ಯಜಮಾನರು ಫ್ಯೂನ್ ದ್ವೀಪದ ಓಡೆನ್ಸೆ ನಗರದಲ್ಲಿ, ಯಂತ್ರಮಾನವರನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರರು. ನಾನಾದರೋ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನವೆಂಬರ್ ತಿಂಗಳು ಬಂದಿತೆಂದರೆ ಯಾವುದಾದರೊಂದು ವೇದಿಕೆಯ ಮೇಲೆ ನಿಂತು ಕನ್ನಡತನವೆಂಬ ವಿಷಯವಾಗಿ ಮುಕ್ಕಾಲು ಗಂಟೆ ಮಾತನಾಡುವ ಅಭ್ಯಾಸವುಳ್ಳವನು. ಆದುದರಿಂದ ಈ ಪರೀಕ್ಷೆಗೆ ನನಗಿಂತ ಯೋಗ್ಯನಾದ ಪರೀಕ್ಷಕನು ಮನೆಯಲ್ಲಿ ಬೇರೊಬ್ಬನಿರಲಿಲ್ಲ. ಕೊನೆಗೆ ಆ ಪರೀಕ್ಷಕನ ಗತಿ ಏನಾಯಿತೆಂಬುದನ್ನು ಹೇಳಬೇಕಾದರೆ, ಆ ದ್ವೀಪದ ಕಥೆಯನ್ನೂ, ಅಲ್ಲಿ ಹುಟ್ಟಿದ ಕಾರ್ಲ್ ನೀಲ್ಸನ್ ಎಂಬ ಸಂಗೀತಕಾರನ ಕಥೆಯನ್ನೂ ಮೊದಲು ಹೇಳಬೇಕಾಗುತ್ತದೆ.

ಡೆನ್ಮಾರ್ಕ್ ಎಂಬುದು ಒಂದು ಪರ್ಯಾಯದ್ವೀಪ ಮತ್ತು ನೂರಾರು ದ್ವೀಪಗಳು ಕೂಡಿ ಆದ ದೇಶ. ಪಶ್ಚಿಮಕ್ಕೆ ಜಟ್ಲೆಂಡ್ ಎಂಬ ಪರ್ಯಾಯದ್ವೀಪ. ಪೂರ್ವಕ್ಕೆ ರಾಜಧಾನಿಯಾದ ಕೋಪನ್‌ಹೇಗನ್ ಇರುವ ಜೀಲೆಂಡ್. ಇವೆರಡರ ನಡುವೆ, ಅಣ್ಣಂದಿರಿಬ್ಬರ ಮಧ್ಯೆ ಕುಳಿತ ತಂಗಿಯಂತೆ, ಫ್ಯೂನ್. ಹಿಂದೆ ಹಡಗಿನಲ್ಲಿ ದಾಟಬೇಕಾಗಿದ್ದ ಕಡಲನ್ನು 1997ರಿಂದ ರೈಲೇ ದಾಟುತ್ತಿದೆ. ಕೋಪನ್‌ಹೇಗನ್ನಿನಿಂದ ಹೊರಟ ಗಾಡಿ ಮೊದಲು ಕಡಲಿನ ತಳದ ಸುರಂಗದೊಳಗೆ ನುಸುಳುತ್ತದೆ. ಸ್ಪ್ರೋಗೊ ಎಂಬ ಪುಟ್ಟ ದ್ವೀಪದಲ್ಲಿ ಒಮ್ಮೆ ತಲೆಯೆತ್ತಿ ಉಸಿರಾಡುತ್ತದೆ. ಅಲ್ಲಿಂದ ಮುಂದೆ ನೀರಿನ ಮೇಲಿನ ಸೇತುವೆಯನ್ನು ಹಿಡಿದು ಫ್ಯೂನ್ ನೆಲವನ್ನು ಮುಟ್ಟುತ್ತದೆ. ನಾನು ಹೋದದ್ದು ಜೂನ್ ತಿಂಗಳಲ್ಲಿ. ರಾತ್ರಿ ಹತ್ತು ಗಂಟೆಗೂ ಬೆಳಕು ಆರದ ಕಾಲ. ಕಿಟಕಿಯ ಹೊರಗೆ ಗೋದಿ, ಬಾರ್ಲಿ, ಹಣ್ಣಿನ ತೋಟ, ಬೇಲಿಗಿಡಗಳ ಸಾಲು, ಮರದ ಚೌಕಟ್ಟುಗಳ ನಡುವೆ ಸುಣ್ಣ ಬಳಿದ ಹಳ್ಳಿಮನೆಗಳು. ಬೆಟ್ಟವೆಂಬುದು ಕಣ್ಣಿಗೆ ಬೀಳುವುದಿಲ್ಲ. ಜಟ್ಲೆಂಡಿನಲ್ಲಿರುವ ಆ ನಾಡಿನ ಅತ್ಯುನ್ನತ ಸಹಜ ಶಿಖರವೇ 171 ಮೀಟರುಗಳಷ್ಟು! ನಮ್ಮ ಕಡೆ ಅದಕ್ಕೆ ದಿಣ್ಣೆಯೆಂದು ಹೆಸರಿಟ್ಟು ಸುಮ್ಮನಾಗುತ್ತಿದ್ದರು.

ನಾನು ತಲುಪಿದ ಸಂಜೆಯೇ ಸೊಸೆಯ ಪ್ರದರ್ಶನ ನಡೆಯಿತು. ನಗರದ ಸಂಗೀತಶಾಲೆಗೆ ಅವಳು ಪಿಯಾನೋ ಕಲಿಯಲು ಹೋಗುತ್ತಿದ್ದಾಳೆ. "ಮಾವ, ಇಲ್ಲಿ ಕೂತುಕೋ, ಕೈ ನೋಡು" ಎಂದು ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಸಂಗೀತ ಕೇಳು ಎನ್ನುವ ಬದಲು ಕೈ ನೋಡು ಎಂದದ್ದು ನನಗೆ ವಿಚಿತ್ರವೆನಿಸಿತು. ನೋಡಿದೆ. ಒಂದು ನಿಮಿಷಕ್ಕೂ ಮೀರದ ಚಿಕ್ಕ ರಚನೆ. ನಡೆಯುವ ಮಗುವೊಂದು ದಾರಿಯಲ್ಲಿ ಕಲ್ಲು ಹೆಕ್ಕುತ್ತ, ನಿಲ್ಲುತ್ತ, ಮತ್ತೆ ಓಡುತ್ತ ಹೋದಂತಹ ಧಾಟಿ. ಮುಗಿದ ಮೇಲೆ ಅವಳು, "ಕೈ ಅಲ್ಲಾಡಲೇ ಇಲ್ಲ, ನೋಡಿದೆಯಾ?" ಎಂದಳು. ನಿಜ. ಎರಡು ಕೈಗಳೂ ಇಟ್ಟ ಜಾಗದಲ್ಲೇ ಇದ್ದವು. ಐದು ಬೆರಳಿಗೆ ಐದು ಮನೆ. ಆಚೆಗೆ ಹೆಬ್ಬೆರಳೂ ಹೋಗಲಿಲ್ಲ, ಈಚೆಗೆ ಕಿರುಬೆರಳೂ ಬರಲಿಲ್ಲ. ಇಷ್ಟು ಇಕ್ಕಟ್ಟಿನಲ್ಲಿ ಅಷ್ಟು ಸಂಚಾರ ಹೇಗೆ ಸಾಧ್ಯವಾಯಿತೆಂದು ಯೋಚಿಸುತ್ತ ಪುಸ್ತಕದ ಹೊದಿಕೆಯನ್ನು ತಿರುವಿದೆ. 'ಹಿರಿಯರಿಗೂ ಕಿರಿಯರಿಗೂ ಪಿಯಾನೋ ಸಂಗೀತ' ಎಂಬ ಅರ್ಥದ ಹೆಸರು, ರಚಿಸಿದವನು ಕಾರ್ಲ್ ನೀಲ್ಸನ್, ಕಾಲ 1930.

"ಈತ ಇಲ್ಲಿಯವನೇ ಅಣ್ಣ. ಹತ್ತು ಹನ್ನೆರಡು ಕಿಲೋಮೀಟರಿನ ಆಚೆಗಿನ ಹಳ್ಳಿಯವನು. ಭಾನುವಾರ ಹೋಗೋಣ" ಎಂದಳು ತಂಗಿ.

*

ಹಳ್ಳಿಯ ಹೆಸರು ನೋರ್ರೆ ಲ್ಯುಂಡೆಲ್ಸೆ. ಅದರ ಸಮೀಪದ ಗುಡಿಸಲೊಂದರಲ್ಲಿ 1865ನೆಯ ಇಸವಿ ಜೂನ್ 9ರಂದು ನೀಲ್ಸನ್ ಹುಟ್ಟಿದನು. ಹನ್ನೆರಡು ಮಕ್ಕಳಲ್ಲಿ ಏಳನೆಯವನು. ತಂದೆ ಮನೆಗಳಿಗೆ ಬಣ್ಣ ಬಳಿಯುವ ಕೂಲಿಕಾರ. ಮದುವೆ ಮುಂಜಿ ಎಂದು ಕರೆ ಬಂದರೆ ಪಿಟೀಲನ್ನೋ ಕಾರ್ನೆಟ್ ಎಂಬ ತುತ್ತೂರಿಯನ್ನೋ ಹಿಡಿದು ಹೊರಡುವ ಹಳ್ಳಿಯ ವಾದ್ಯಗಾರ. ಅಲ್ಲಿ ಮುಂಜಿಯಿಲ್ಲವೆಂದು ವಾಚಕರು ಆಕ್ಷೇಪಿಸಬಾರದು. ಮಾತಿನ ರೂಢಿಯಿಂದ ಬರೆದೆ. ತಾಯಿ ಕೆಲಸ ಮಾಡುತ್ತ ಹಾಡಿಕೊಳ್ಳುವವಳು. ಮಗ ಬಾತುಕೋಳಿಗಳನ್ನು ಕಾಯುತ್ತಿದ್ದ. ಅವನು ಹುಟ್ಟಿದ ಗುಡಿಸಲು ಈಗ ಉಳಿದಿಲ್ಲ; ಬಾಲ್ಯದಲ್ಲಿ ವಾಸವಾಗಿದ್ದ ಇನ್ನೊಂದು ಮನೆ ರಸ್ತೆಯ ಬದಿಯಲ್ಲಿದೆ. ತಗ್ಗಾದ ಸೂರಿನ ಸಾಧಾರಣ ಮನೆ. ಮಹಾಪುರುಷರ ಜನ್ಮಸ್ಥಳಗಳಲ್ಲಿ ನಾವು ಬಯಸುವ ಗಾಂಭೀರ್ಯ ಅದಕ್ಕಿಲ್ಲ. ನಮ್ಮ ಹೊತ್ತಿಗೆ ಒಬ್ಬ ಮುದುಕಿ ಎದುರು ದಿಕ್ಕಿನಿಂದ ಸೈಕಲ್ಲಿನಲ್ಲಿ ಬಂದು, ನಮ್ಮನ್ನು ನೋಡಿ ಕೈಬೀಸಿ ಮುಂದೆ ಹೋದಳು.

ನೀಲ್ಸನ್ ತನ್ನ ಬಾಲ್ಯದ ನೆನಪುಗಳನ್ನು 1927ರಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದನು. ಡೇನಿಷ್ ಗದ್ಯದಲ್ಲಿ ಅದಕ್ಕೆ ಒಳ್ಳೆಯ ಸ್ಥಾನವಿದೆ. ಅದರಲ್ಲಿ ಬರುವ ಒಂದು ಪ್ರಸಂಗ ಆ ರಸ್ತೆಯ ಬದಿಯಲ್ಲಿ ನಿಂತಾಗ ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಮನೆಯ ಗೋಡೆಗೆ ಒಟ್ಟಿದ್ದ ಸೌದೆಯ ರಾಶಿ. ತುಂಡುಗಳು ಒಂದೊಂದೂ ಒಂದೊಂದು ದಪ್ಪ, ಒಂದೊಂದು ಉದ್ದ. ಹುಡುಗನು ಅವುಗಳ ತುದಿಯನ್ನು ಬಡಿದು ನೋಡಿದಾಗ ಪ್ರತಿಯೊಂದೂ ಬೇರೆ ಸ್ವರವನ್ನು ಕೊಟ್ಟಿತು. ಅಲ್ಲಿಗೆ ಅವನಿಗೊಂದು ವಾದ್ಯ ದೊರೆತಂತಾಯಿತು. ಆಮೇಲೆ ತಾಯಿ ಗೋಡೆಯ ಮೇಲಿನ ಪಿಟೀಲನ್ನು ಇಳಿಸಿ ಅವನ ಕೈಗೆ ಕೊಟ್ಟಳು. ಪಿಯಾನೋ ಅವನ ಕಣ್ಣಿಗೆ ಬಿದ್ದದ್ದು ಇನ್ನೂ ತಡವಾಗಿ. ಪಿಟೀಲಿನಲ್ಲಿ ಸ್ವರವನ್ನು ತಡಕಾಡಿ ಹಿಡಿಯಬೇಕಿತ್ತು. ಇಲ್ಲಾದರೋ ಸ್ವರಗಳೆಲ್ಲ ಹೊಳೆಯುವ ಸಾಲಾಗಿ ಕಣ್ಣೆದುರು ಮಲಗಿದ್ದವು. ಕೇಳುವುದಷ್ಟೇ ಅಲ್ಲ, ಸ್ವರವನ್ನು ನೋಡಲೂಬಹುದೆಂಬ ಆ ಬೆರಗನ್ನು ಅವನು ಅರವತ್ತು ದಾಟಿದ ಮೇಲೂ ಮರೆತಿರಲಿಲ್ಲ. ಸೊಸೆ "ಕೈ ನೋಡು" ಎಂದದ್ದು ಆಗ ನನಗೆ ವಿಚಿತ್ರವಾಗಿ ತೋರಲಿಲ್ಲ.

ಹದಿನಾಲ್ಕನೆಯ ವಯಸ್ಸಿಗೆ, 1879ರಲ್ಲಿ, ಅವನು ಓಡೆನ್ಸೆಯ ಸೈನಿಕ ವಾದ್ಯತಂಡದಲ್ಲಿ ತುತ್ತೂರಿ ಊದುವ ಕೆಲಸಕ್ಕೆ ಸೇರಿದನು. 1884ರಲ್ಲಿ ಕೋಪನ್‌ಹೇಗನ್ನಿನ ಸಂಗೀತ ವಿದ್ಯಾಲಯಕ್ಕೆ ಹೋದನು. 1889ರಿಂದ 1905ರವರೆಗೆ ರಾಜಧಾನಿಯ ರಾಯಲ್ ಥಿಯೇಟರಿನ ವಾದ್ಯವೃಂದದಲ್ಲಿ ಎರಡನೆಯ ಪಿಟೀಲಿನವನಾಗಿ ಸಂಬಳಕ್ಕೆ ದುಡಿದನು. ಆರು ಸಿಂಫನಿಗಳನ್ನೂ, ಎರಡು ಸಂಗೀತ ನಾಟಕಗಳನ್ನೂ, ನೂರಾರು ಹಾಡುಗಳನ್ನೂ ರಚಿಸಿದನು. ಪಿಯಾನೋ ಸಂಗೀತ ಅವನಲ್ಲಿ ಹೆಚ್ಚಿಲ್ಲ. ಸುಮಾರು ಎರಡು ಗಂಟೆಗಳಲ್ಲಿ ಎಲ್ಲವನ್ನೂ ಕೇಳಿ ಮುಗಿಸಬಹುದು. ಅವನು ಪಿಯಾನೋ ವಿದ್ವಾಂಸನೂ ಅಲ್ಲ. ಬೆರಳುಗಳ ಚಮತ್ಕಾರ ತೋರಿಸುವವರಿಗೆ ಅವನ ರಚನೆಗಳು ಸುಲಭವಾಗಿ ಒಗ್ಗುವುದಿಲ್ಲ. ಎರಡು ಕೊಳಲುಗಳು ಮಾತಾಡಿಕೊಂಡಂತೆ, ಇಲ್ಲವೇ ತುತ್ತೂರಿಗೂ ತಮಟೆಗೂ ಜಗಳವಾದಂತೆ, ಒಂದೊಂದು ಕೈಯೂ ತನ್ನ ಪಾಡಿಗೆ ತಾನು ನಡೆಯುತ್ತದೆ. ಹಾಗಿದ್ದರೂ ಅವನ ಅಂತರಂಗದ ದಿನಚರಿಯನ್ನು ಓದಬೇಕೆನ್ನುವವರು ಈ ಎರಡು ಗಂಟೆಗಳ ಸಂಗೀತವನ್ನು ಕೇಳಬೇಕು. ನಾನು ಓಡೆನ್ಸೆಯ ಗ್ರಂಥಾಲಯದಲ್ಲಿ ಮೂರು ಮಧ್ಯಾಹ್ನಗಳು ಕುಳಿತು ಕೇಳಿದೆ. ಕೇಳಿದ್ದು ಸುಮ್ಮನೆ ಅಲ್ಲ. ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಕೇಳಿದೆ. ಈ ಸಂಗೀತವನ್ನು ಡೆನ್ಮಾರ್ಕಿನವರು "ನಮ್ಮದು" ಎನ್ನುತ್ತಾರಲ್ಲ, ಇದರಲ್ಲಿ ಡೇನಿಷ್ ಎಂಬುದು ಎಲ್ಲಿದೆ? ನನ್ನ ತಾಯಿಯ ಪ್ರಶ್ನೆಯೇ ಬೇರೊಂದು ವೇಷದಲ್ಲಿ ಬಂದಿತ್ತೆಂದರೆ ತಪ್ಪಾಗಲಾರದು.

*

ಈ ಪ್ರಶ್ನೆಗೆ ಆ ನಾಡಿನಲ್ಲಿ ಒಂದು ನೋವಿನ ಹಿನ್ನೆಲೆಯುಂಟು. ನೀಲ್ಸನ್ ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1864ರಲ್ಲಿ, ಡೆನ್ಮಾರ್ಕ್ ಪ್ರಷ್ಯ ಮತ್ತು ಆಸ್ಟ್ರಿಯಗಳೊಡನೆ ಯುದ್ಧ ಮಾಡಿ ಸೋತಿತು. ದಕ್ಷಿಣದ ಷ್ಲೆಸ್ವಿಗ್, ಹೋಲ್‌ಸ್ಟೈನ್ ಸೀಮೆಗಳು ಕೈಬಿಟ್ಟುಹೋದವು. ಒಂದು ಕಾಲಕ್ಕೆ ನಾರ್ವೆಯನ್ನೂ ಆಳುತ್ತಿದ್ದ, ನಮ್ಮ ದೇಶದ ತರಂಗಂಬಾಡಿಯಲ್ಲಿಯೂ ಕೋಟೆ ಕಟ್ಟಿದ್ದ ರಾಜ್ಯ, ನೋಡುತ್ತಿದ್ದಂತೆಯೇ ಅಂಗೈಯಗಲದ ದೇಶವಾಯಿತು. ಸೋತ ದೇಶ ತನ್ನೊಳಗೆ ತಾನು ತಿರುಗಿತು. ಬಂಜರು ನೆಲವನ್ನು ಹಸನುಮಾಡಿತು. 1882ರಿಂದ ರೈತರು ಸಹಕಾರಿ ಹಾಲಿನ ಡೈರಿಗಳನ್ನು ಕಟ್ಟಿದರು. ಹಳ್ಳಿಯ ತರುಣರಿಗೆ ಪರೀಕ್ಷೆಯಿಲ್ಲದೆ ಪಾಠ ಹೇಳುವ ಜಾನಪದ ಪ್ರೌಢಶಾಲೆಗಳು ಊರೂರಿಗೂ ಹಬ್ಬಿದವು. ಗ್ರುಂಟ್ವಿಗ್ ಎಂಬ ಪಾದ್ರಿಯ ಕಲ್ಪನೆಯಿಂದ ಮೂಡಿದ ಈ ಶಾಲೆಗಳನ್ನೇ ಮಾದರಿಯಾಗಿಟ್ಟುಕೊಂಡು ಮುಂದೆ ನಮ್ಮ ಮೈಸೂರು ಸೀಮೆಯಲ್ಲಿಯೂ ಗ್ರಾಮೀಣ ಯುವಕರಿಗಾಗಿ ವಿದ್ಯಾಪೀಠಗಳನ್ನು ತೆರೆದರು. ಇಂತಹ ಕಾಲದಲ್ಲಿ ಜನ ಕಲಾವಿದರ ಕಡೆಗೆ ತಿರುಗಿ, "ನಾವು ಯಾರೆಂಬುದನ್ನು ನೀವು ಹೇಳಿ" ಎಂದು ಕೇಳುವುದು ಸಹಜ.

ಹೇಳುವವರ ಮುಂದೆ ಆಗ ಎರಡು ದಾರಿಗಳಿದ್ದವು. ನೀಲ್ಸನ್ ಓದಿದ ವಿದ್ಯಾಲಯದ ಮುಖ್ಯಸ್ಥನಾಗಿದ್ದ ನೀಲ್ಸ್ ಗೇಡೆ ಒಂದು ದಾರಿಯನ್ನು ತೋರಿಸಿದ್ದನು. ಜರ್ಮನಿಯ ಲೈಪ್‌ಸಿಗ್ಗಿನಲ್ಲಿ ಮೆಂಡೆಲ್‌ಸನ್ನನ ಸ್ನೇಹದಲ್ಲಿ ಬೆಳೆದು ಬಂದ ಗೇಡೆ, ಜರ್ಮನ್ ಕಟ್ಟಡದ ಮೇಲೆ ಉತ್ತರ ದೇಶದ ಮಂಜು, ಕಾಡು, ವೀರಗಾಥೆಗಳ ಬಣ್ಣವನ್ನು ಹಚ್ಚಿದವನು. ಇನ್ನೊಂದು ದಾರಿ ನೆರೆಯ ನಾರ್ವೆಯ ಗ್ರೀಗನದು. ಗ್ರೀಗ್ ತನ್ನ ನಾಡಿನ ರೈತರ ಕುಣಿತದ ಮಟ್ಟುಗಳನ್ನೇ ಪಿಯಾನೋದ ಮೇಲೆ ತಂದು ಕೂರಿಸಿದನು. ಕೇಳಿದೊಡನೆಯೇ ಇದು ನಾರ್ವೆಯೆಂದು ಮಕ್ಕಳೂ ಹೇಳಬಲ್ಲರು. ಎರಡೂ ಒಳ್ಳೆಯ ದಾರಿಗಳೇ. ನೀಲ್ಸನ್ ಎರಡನ್ನೂ ಹಿಡಿಯಲಿಲ್ಲ.

ಹಿಡಿಯಲು ಯತ್ನಿಸಲಿಲ್ಲವೆಂದಲ್ಲ. 1890ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಅವನು ರಚಿಸಿದ 'ಐದು ಪಿಯಾನೋ ರಚನೆಗಳು' ಎಂಬ ಗುಚ್ಛದಲ್ಲಿ ಮೊದಲನೆಯದರ ಹೆಸರೇ 'ಜಾನಪದ ಧಾಟಿ'. ಕೊನೆಯದು 'ಯಕ್ಷಿಣಿಯರ ಕುಣಿತ'. ಹೆಸರು ಕೇಳಿದರೆ ಮಂಜು, ಕಾಡು ಎಲ್ಲ ಬಂದೇ ಬಂದವೆನಿಸುತ್ತದೆ. ಆದರೆ ಆ ಜಾನಪದ ಧಾಟಿಯನ್ನು ಅವನು ಯಾವ ಅಜ್ಜಿಯ ಬಾಯಿಂದಲೂ ಬರೆದುಕೊಂಡದ್ದಲ್ಲ, ತಾನೇ ಕಟ್ಟಿದ್ದು. ಜನಪದವನ್ನು ತರಬೇಕಾದ ಅಗತ್ಯ ಅವನಿಗಿರಲಿಲ್ಲ, ಏಕೆಂದರೆ ಅವನೇ ಜನಪದದೊಳಗಿನಿಂದ ಬಂದವನು. ಪಟ್ಟಣದ ವಿದ್ವಾಂಸನು ಹಳ್ಳಿಗೆ ಹೋಗಿ ಹಾಡು ಸಂಗ್ರಹಿಸುತ್ತಾನೆ. ಮದುವೆ ಮನೆಯಲ್ಲಿ ಅಪ್ಪನ ಪಕ್ಕದಲ್ಲಿ ನಿಂತು ಪಿಟೀಲು ಕುಯ್ದ ಹುಡುಗನು ಏನನ್ನು ಸಂಗ್ರಹಿಸಬೇಕು?

ಅದಾದ ಮೇಲೆ 1894ರಿಂದ 1897ರೊಳಗೆ ರಚಿತವಾದ ಆರು ಹಾಸ್ಯರಚನೆಗಳು ಬರುತ್ತವೆ. ಅಷ್ಟರಲ್ಲಿ ಅವನಿಗೆ ಮದುವೆಯಾಗಿ ಮಕ್ಕಳಾಗಿದ್ದವು. ಹೆಂಡತಿ ಆನ್ ಮರೀ ಪ್ರಸಿದ್ಧ ಶಿಲ್ಪಿ. ಇಬ್ಬರೂ ಪ್ಯಾರಿಸ್ಸಿನಲ್ಲಿ ಭೇಟಿಯಾಗಿ, 1891ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಮದುವೆಯಾದವರು. ಈ ಆರು ರಚನೆಗಳ ಹೆಸರುಗಳನ್ನು ನೋಡಿ: 'ನಮಸ್ಕಾರ! ನಮಸ್ಕಾರ!', 'ಬುಗುರಿ', 'ಒಂದು ಚಿಕ್ಕ ನಿಧಾನದ ವಾಲ್ಟ್ಸ್', 'ದಾರ ಎಳೆದರೆ ಕುಣಿಯುವ ಬೊಂಬೆ', 'ಬೊಂಬೆಗಳ ಕವಾಯತು', 'ಸಂಗೀತದ ಪೆಟ್ಟಿಗೆ'. ಡೇನಿಷ್ ಧ್ವಜವೂ ಇಲ್ಲ, ಹಳೆಯ ವೀರನೂ ಇಲ್ಲ. ನಡುಮನೆಯ ನೆಲದ ಮೇಲೆ ಹರಡಿ ಬಿದ್ದ ಆಟಿಕೆಗಳಿವೆ, ಅಷ್ಟೆ. ಬುಗುರಿ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಸಂಗೀತದ ಪೆಟ್ಟಿಗೆ ಪಿಯಾನೋದ ತಾರಸ್ಥಾಯಿಯಲ್ಲಿ ಗಾಜಿನ ಮಣಿ ಸುರಿದಂತೆ ನುಡಿಯುತ್ತದೆ. ಕೇಳುತ್ತ ಕೇಳುತ್ತ ನಾನು ಗ್ರಂಥಾಲಯದಲ್ಲಿ ಒಮ್ಮೆ ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ಕಾರಣ ತಿಳಿಸಿದಾಗ ಅವರೂ ನಕ್ಕರು. ದೊಡ್ಡ ಮಾತನ್ನು ಕಂಡರೆ ಅನುಮಾನ, ಚಿಕ್ಕ ಹಾಸ್ಯದಲ್ಲಿ ನಂಬಿಕೆ: ನಾನು ಅಲ್ಲಿದ್ದ ಮೂರು ವಾರಗಳಲ್ಲಿ ಕಂಡ ಜನರ ಗುಣ ಇದು. ಅದು ಈ ಆಟಿಕೆಗಳಲ್ಲಿ ಧ್ವಜವಿಲ್ಲದೆಯೇ ಬಂದು ಕುಳಿತಿದೆ.

ಇಷ್ಟು ಹೊತ್ತಿಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಸುಂದರ ಸಿದ್ಧಾಂತ ಸಿದ್ಧವಾಗಿತ್ತು. ಬೆಟ್ಟವಿಲ್ಲದ ನಾಡು, ಆದುದರಿಂದ ಏರಿಳಿತವಿಲ್ಲದ, ಸರಳವಾದ, ಹಸನ್ಮುಖವಾದ ಸಂಗೀತ. ನಾಡಿನ ನೆಲವೇ ರಾಗವಾಯಿತು! ಭಾಷಣಕ್ಕೆ ಹೇಳಿಮಾಡಿಸಿದ ವಾಕ್ಯ. ಮರುದಿನ ಮಧ್ಯಾಹ್ನ ನೀಲ್ಸನ್ನನೇ ಅದನ್ನು ಹೊಡೆದು ಹಾಕಿದನು.

ಹೊಡೆದದ್ದು ಎರಡು ಏಟಿನಲ್ಲಿ. ಮೊದಲನೆಯದು 'ಷಕೋನ್' ಎಂಬ ದೊಡ್ಡ ರಚನೆ. ಮಹಾಯುದ್ಧದ ನಡುವೆ, 1916ರಲ್ಲಿ ಆರಂಭವಾದದ್ದು. ಎಂಟು ಮಾತ್ರೆಗಟ್ಟುಗಳ ಒಂದು ಧಾಟಿ ಮಂದ್ರದಲ್ಲಿ ಒಂಟಿಯಾಗಿ ಕಾಣಿಸಿಕೊಂಡು, ಮತ್ತೆ ಮತ್ತೆ ಸುತ್ತಿ ಬರುತ್ತದೆ. ಅದರ ಮೇಲೆ ಹೊಸ ಹೊಸ ಸಂಗತಿಗಳು ಬೆಳೆಯುತ್ತವೆ. ನಮ್ಮಲ್ಲಿ ಪಲ್ಲವಿಯನ್ನು ವಿಸ್ತರಿಸುವುದನ್ನು ಕೇಳಿ ಬಲ್ಲವರಿಗೆ ಈ ಕ್ರಮ ತೀರ ಅಪರಿಚಿತವೆನಿಸದು. ಶಾಂತವಾಗಿ ಹೊರಟದ್ದು ಬರಬರುತ್ತ ಕಾವೇರಿ, ಕಬ್ಬಿಣ ಬಡಿದಂತಾಗಿ, ಕೊನೆಗೆ ಬಿರುಗಾಳಿ ಕಳೆದ ಮೇಲಿನ ಬೆಳಕಿನಂತೆ ತಣಿಯುತ್ತದೆ. ಇದರ ಮೂಲಪುರುಷನು ಯಾರು? ಒಂಟಿ ಪಿಟೀಲಿಗಾಗಿ ಮಹತ್ತಾದ ಷಕೋನನ್ನು ಬರೆದ ಬಾಖ್. ಅಂದರೆ ಜರ್ಮನ್! ಯಾವ ಜರ್ಮನಿಯು ದೇಶದ ದಕ್ಷಿಣ ಭಾಗವನ್ನು ನುಂಗಿ ಕುಳಿತಿತ್ತೋ, ಆ ನಾಡಿನ ಹಿರಿಯನ ಮನೆಯ ಬಾಗಿಲಿಗೆ ಈ ಡೇನಿಷ್ ಸಂಗೀತಕಾರನು ಯಾವ ಸಂಕೋಚವೂ ಇಲ್ಲದೆ ಹೋಗಿ ನಿಂತನು.

ಎರಡನೆಯದು 1919-20ರಲ್ಲಿ ರಚಿಸಿ, ಪ್ರಸಿದ್ಧ ಪಿಯಾನೋ ವಾದಕ ಆರ್ಟುರ್ ಷ್ನಾಬೆಲನಿಗೆ ಅರ್ಪಿಸಿದ ಆರು ಭಾಗಗಳ 'ಸ್ವೀಟ್'. ಇದಕ್ಕೆ ಅವನು ಮೊದಲು ಲೂಸಿಫರನ ಹೆಸರನ್ನಿಟ್ಟಿದ್ದನು. ಅವನ ಮನಸ್ಸಿನಲ್ಲಿದ್ದದ್ದು ಬೆಳಕನ್ನು ತರುವವನು ಎಂಬ ಹಳೆಯ ಅರ್ಥ. ಜನರಿಗೆ ಹೊಳೆದದ್ದು ಸೈತಾನ. ಹೆಸರನ್ನು ಕೈಬಿಟ್ಟನು. ಈ ರಚನೆಯಲ್ಲಿ ಹುಲ್ಲುಗಾವಲೂ ಇಲ್ಲ, ಬಾತುಕೋಳಿಯೂ ಇಲ್ಲ. ಒಂದೊಂದು ಕಡೆ ಎರಡು ಕೈಗಳೂ ಎರಡು ಬೇರೆ ಶ್ರುತಿಗಳಲ್ಲಿ ನಿಂತು ಒಂದನ್ನೊಂದು ದಿಟ್ಟಿಸುತ್ತವೆ. ಒಮ್ಮೆ ಹಿಮದಂತೆ ತಣ್ಣಗೆ, ಒಮ್ಮೆ ಕುಲುಮೆಯಂತೆ ಕೆಂಡ. ನನ್ನ 171 ಮೀಟರಿನ ಸಿದ್ಧಾಂತವು ಈ ಪರ್ವತದ ಕೆಳಗೆ ಸಿಕ್ಕಿ ಪುಡಿಯಾಯಿತು. ನೆಲ ಚಪ್ಪಟೆಯಾದ ಮಾತ್ರಕ್ಕೆ ಮನುಷ್ಯನ ಮನಸ್ಸೂ ಚಪ್ಪಟೆಯಾಗಿರಬೇಕೆಂದು ವಿಧಿಸುವುದಕ್ಕೆ ನಾನು ಯಾರು?

*

ಹಾಗಾದರೆ ಡೇನಿಷ್ ಎಂಬುದು ಎಲ್ಲಿದೆ? ಈ ಹೊತ್ತಿಗೆ ನಾನು ಅವನ ಹಾಡುಗಳ ಕಡೆಗೆ ತಿರುಗಿದೆ. ಉತ್ತರದ ಒಂದು ತುದಿ ಅಲ್ಲಿ ಸಿಕ್ಕಿತು. 1915ರಲ್ಲಿ ಅವನೂ ಥಾಮಸ್ ಲೌಬ್ ಎಂಬ ಸಂಗೀತಗಾರನೂ ಕೂಡಿ, ಯಾವ ತರಬೇತಿಯೂ ಇಲ್ಲದ ಸಾಮಾನ್ಯರು ಹಾಡಬಹುದಾದ ಡೇನಿಷ್ ಹಾಡುಗಳ ಸಂಪುಟವೊಂದನ್ನು ತಂದರು. 1922ರಲ್ಲಿ ಇನ್ನಿಬ್ಬರು ಸೇರಿಕೊಂಡು ಜಾನಪದ ಪ್ರೌಢಶಾಲೆಗಳಿಗಾಗಿ ಸ್ವರಪುಸ್ತಕವನ್ನು ಸಿದ್ಧಪಡಿಸಿದರು. ಇಲ್ಲಿ ನೀಲ್ಸನ್ ತನಗೆ ತಾನೇ ಹಾಕಿಕೊಂಡ ಕಟ್ಟು ವಿಚಿತ್ರವಾದುದು. ರಾಗ ಕೂಲಿಯವನ ಕಂಠಕ್ಕೂ ಎಟುಕಬೇಕು. ಸ್ವರ ಮೆಟ್ಟಿಲು ಮೆಟ್ಟಿಲಾಗಿ ನಡೆಯಬೇಕು. ಒಂದು ಸಣ್ಣ ನೆಗೆತವಿದ್ದರೂ ಅದು ಬೆಲೆಯುಳ್ಳದ್ದಾಗಿರಬೇಕು. ರುಚಿಗೆಟ್ಟವರು ಸರಳವಾದ ಸ್ವರಾಂತರದ ಬೆಲೆಯನ್ನು ಮತ್ತೆ ಕಲಿಯಬೇಕೆಂದು ಅವನು ತನ್ನ ಲೇಖನಗಳಲ್ಲಿಯೂ ವಾದಿಸಿದ್ದಾನೆ. ದಿನವೂ ಭೂರಿಭೋಜನ ಉಂಡವನಿಗೆ ಗಂಜಿಯ ರುಚಿ ಹೇಗೆ ತಿಳಿದೀತು? ಎರಡೇ ಸ್ವರಗಳ ನಡುವಿನ ಅಂತರವನ್ನು, ಸೌದೆಯ ತುಂಡು ಬಡಿದ ಹುಡುಗನ ಬೆರಗಿನಿಂದ ಕೇಳಿಸುವುದು ಅವನ ಹಟ.

ಈ ಕಿವಿಯನ್ನು ಇಟ್ಟುಕೊಂಡು ಮತ್ತೆ ಪಿಯಾನೋ ರಚನೆಗಳನ್ನು ಕೇಳಿದಾಗ ಬೆಟ್ಟಕ್ಕೂ ಬಯಲಿಗೂ ಇದ್ದ ಸಂಬಂಧ ನನಗೆ ಹೊಳೆಯಿತು. ಅಬ್ಬರದ ಸ್ವೀಟಿನಲ್ಲಿಯೂ, ಆಟಿಕೆಯ ಬುಗುರಿಯಲ್ಲಿಯೂ ಕೆಲಸ ಮಾಡುತ್ತಿರುವುದು ಅದೇ ಕೈ. ಅಲಂಕಾರಕ್ಕಾಗಿ ಒಂದು ಸ್ವರವನ್ನೂ ಹಚ್ಚುವುದಿಲ್ಲ. ಕಣ್ಣೀರು ತರಿಸಬಹುದಾದ ಕಡೆ ತಟ್ಟನೆ ಮಾತು ಬದಲಿಸುತ್ತಾನೆ. ಗಂಭೀರನಾಗಿ ಕುಳಿತವನ ಕುರ್ಚಿಯ ಕಾಲನ್ನು ಮೆಲ್ಲನೆ ಎಳೆಯುತ್ತಾನೆ. ಇದನ್ನು ಯಾವ ಜಾನಪದ ಸಂಗ್ರಹದಿಂದಲೂ ಎರವಲು ತರಲಾಗದು. ಇದು ಬೆಳೆದ ಬಗೆಯಿಂದ, ದುಡಿದ ಬಗೆಯಿಂದ ಬರುವಂಥದು. ತಂದೆ ಮನೆಗೆ ಬಣ್ಣ ಹಚ್ಚುವವನಾಗಿದ್ದುದರಿಂದಲೋ ಏನೋ, ಮಗ ಸಂಗೀತಕ್ಕೆ ಬಣ್ಣ ಹಚ್ಚಲು ಒಪ್ಪಲಿಲ್ಲ.

ತಮಾಷೆಯೆಂದರೆ, ನಾಡು ಅವನನ್ನು ರಾಷ್ಟ್ರೀಯ ಸಂಗೀತಕಾರನೆಂದು ಹೊಗಳತೊಡಗಿದಾಗ ಅವನಿಗದು ಸಂಕಟವೇ ಆಯಿತು. ಸಂಗೀತವನ್ನು ಕೆಡಿಸುವುದರಲ್ಲಿ ರಾಷ್ಟ್ರೀಯತೆಯನ್ನು ಮೀರಿಸಿದ್ದು ಬೇರೊಂದಿಲ್ಲವೆಂದೂ, ರಾಷ್ಟ್ರೀಯ ಸಂಗೀತವೆಂಬುದು ಅಪ್ಪಣೆ ಕೊಟ್ಟೊಡನೆ ಒದಗುವ ಸರಕಲ್ಲವೆಂದೂ ಅವನ ಅಭಿಪ್ರಾಯವಾಗಿತ್ತು. ಹಾಗೆಂದು ನಾಡಿನ ಸುಖದುಃಖಗಳಿಗೆ ಅವನು ಬೆನ್ನು ತಿರುಗಿಸಿದವನಲ್ಲ. 1920ರಲ್ಲಿ ಜನಮತದ ಮೂಲಕ ಉತ್ತರ ಷ್ಲೆಸ್ವಿಗ್ ಮರಳಿ ತಾಯ್ನಾಡನ್ನು ಸೇರಿದಾಗ, ಆ ಸಂದರ್ಭಕ್ಕಾಗಿ ಬರೆದ 'ತಾಯಿ' ಎಂಬ ನಾಟಕಕ್ಕೆ ಸಂಗೀತ ಕೊಟ್ಟವನು ಅವನೇ. ಅದರಿಂದ ಇಂದಿಗೂ ಎಲ್ಲರ ಬಾಯಲ್ಲಿ ಉಳಿದಿರುವುದು ವಿಜಯದ ಕಹಳೆಯಲ್ಲ. ಮಂಜು ಸರಿಯುವುದನ್ನು ಹೇಳುವ, ಕೊಳಲು ಮತ್ತು ಹಾರ್ಪ್ ವಾದ್ಯಗಳಿಗೆ ಬರೆದ ಮೆಲ್ಲನೆಯ ಒಂದು ರಚನೆ. 1931ರ ಅಕ್ಟೋಬರ್ 3ರಂದು ಅವನು ಕೋಪನ್‌ಹೇಗನ್ನಿನಲ್ಲಿ ತೀರಿಕೊಂಡನು. ಹೆಂಡತಿ ಕಡೆದ ಅವನ ಸ್ಮಾರಕ 1939ರಲ್ಲಿ ರಾಜಧಾನಿಯಲ್ಲಿ ನಿಂತಿತು: ರೆಕ್ಕೆಯಿಲ್ಲದ ಕುದುರೆಯೊಂದರ ಮೇಲೆ ಕುಳಿತು ಕೊಳಲೂದುವ ಹುಡುಗ. 1999ರಲ್ಲಿ ಹೊರಬಂದ ನೂರು ಕ್ರೋನರಿನ ನೋಟಿನ ಮೇಲೆ ಸುಮಾರು ಹತ್ತು ವರ್ಷ ಅವನ ಮುಖವೇ ಇತ್ತು. ಅಪ್ಪಣೆಗೆ ಬಗ್ಗದವನನ್ನು ನಾಡು ಜೇಬಿನಲ್ಲಿಟ್ಟುಕೊಂಡು ಓಡಾಡಿತು.

*

ಹೊರಡುವ ದಿನ ಹತ್ತಿರವಾಯಿತು. ತಾಯಿಗೆ ಕೊಡಬೇಕಾದ ವರದಿ ಹಾಗೆಯೇ ಉಳಿದಿತ್ತು. ಪರೀಕ್ಷೆಯೇನೋ ನಡೆದಿತ್ತು; ಫಲಿತಾಂಶ ಉತ್ತೇಜನಕರವಾಗಿರಲಿಲ್ಲ. ಬಾಲಬೋಧೆಯನ್ನು ತೆರೆದು ಕೂರಿಸಿದರೆ ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು. "ಒಂದು ಕನ್ನಡ ಪದ್ಯ ಹೇಳು ಪುಟ್ಟಿ" ಎಂದರೆ, "ಬರಲ್ಲ ಮಾವ" ಎಂದು ನಾಚಿ ಓಡುತ್ತಿದ್ದಳು. ಅವಳ ಗೆಳತಿಯರು ಬಂದಾಗ ಮನೆ ತುಂಬ ಡೇನಿಷ್ ಭಾಷೆ. ಶಾಲೆಯಲ್ಲಿ ಬೆಳಗಿನ ಹೊತ್ತು ಎಲ್ಲರೂ ಸೇರಿ ಹಾಡುವ ಹಾಡುಗಳನ್ನು ಅವಳು ಬಚ್ಚಲಮನೆಯಲ್ಲಿ ಹಾಡಿಕೊಳ್ಳುತ್ತಾಳೆ. ಅವುಗಳಲ್ಲಿ ಒಂದಕ್ಕೆ ರಾಗ ಹಾಕಿದವನು ನೀಲ್ಸನ್ ಎಂದು ನಾನು ಹೇಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. "ಆ ಹಾಡನ್ನು ಯಾರೂ ಮಾಡಿಲ್ಲ ಮಾವ, ಅದು ಇದೆ, ಅಷ್ಟೆ" ಎಂದಳು. ಸಂಗೀತಕಾರನೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಯುಂಟೆಂದು ನನಗೆ ತೋರುವುದಿಲ್ಲ. ಆದರೆ ಅದನ್ನು ಹೇಳಿದ ಬಾಯಿ ನಮ್ಮ ಮನೆಯ ಮಗುವಿನದೆಂಬುದು ನೆನಪಾಗಿ, ಒಳಗೆ ಸ್ವಲ್ಪ ಚುಚ್ಚಿತೆಂಬುದನ್ನು ಮುಚ್ಚಿಡಲಾರೆ.

ಹಿಂದಿನ ರಾತ್ರಿ ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಹೊರಗೆ ಇನ್ನೂ ಬೆಳಕು. ಪಕ್ಕದ ಕೋಣೆಯಲ್ಲಿ ಹುಡುಗಿಯ ಅಭ್ಯಾಸ ನಡೆದಿತ್ತು. ಅದೇ ಐದು ಬೆರಳಿನ ಪುಸ್ತಕ. ಪಾಶ್ಚಾತ್ಯ ಸಂಗೀತದಲ್ಲಿ ಹನ್ನೆರಡು ಶ್ರುತಿಗಳು, ಪ್ರತಿಯೊಂದಕ್ಕೂ ಎರಡೆರಡು ರೂಪ, ಹೀಗೆ ಒಟ್ಟು 24. ಈ ಪುಟ್ಟ ರಚನೆಗಳಲ್ಲಿ ನೀಲ್ಸನ್ ಆ 24ನ್ನೂ ಸುತ್ತಿ ಬರುತ್ತಾನೆ. ಒಂದೊಂದು ರಚನೆಯಲ್ಲಿಯೂ ಕೈ ಇದ್ದಲ್ಲೇ ಇರುತ್ತದೆ. ಪುಸ್ತಕ ಮುಗಿಯುವಷ್ಟರಲ್ಲಿ ಮಗು ಊರೆಲ್ಲ ತಿರುಗಿ ಬಂದಿರುತ್ತದೆ. ಅವಳು ಹೊಸದೊಂದನ್ನು ಹಿಡಿದಿದ್ದಳು. ಕಷ್ಟದ ಜಾಗ ಬಂದಾಗ ತಡೆದು, ಮತ್ತೆ ಮೊದಲಿನಿಂದ. ತಾಳ ತಪ್ಪಿದಾಗ ಅವಳೇ ಬಾಯಲ್ಲಿ ಎಣಿಸತೊಡಗಿದಳು. ನಾನು ಮಡಿಸುತ್ತಿದ್ದ ಅಂಗಿಯನ್ನು ಹಾಗೆಯೇ ಹಿಡಿದು ನಿಂತೆ.

"ಒಂದು, ಎರಡು, ಮೂರು, ಒಂದು, ಎರಡು, ಮೂರು..."

ಬಾಗಿಲ ಬಳಿ ಬಂದ ತಂಗಿಯನ್ನು ಕೇಳಿದೆ: "ಎಣಿಸುವುದನ್ನು ಕನ್ನಡದಲ್ಲಿ ಮಾಡು ಎಂದು ನೀನು ಹೇಳಿಕೊಟ್ಟೆಯಾ?"

"ಇಲ್ಲಪ್ಪ. ಚಿಕ್ಕಂದಿನಲ್ಲಿ ಮೆಟ್ಟಿಲು ಇಳಿಸುವಾಗ ನಾನು ಎಣಿಸುತ್ತಿದ್ದೆ. ಅದನ್ನೇ ಹಿಡಿದುಕೊಂಡಿದ್ದಾಳೆ. ಸಂಗೀತಶಾಲೆಯಲ್ಲಿಯೂ ಹಾಗೆಯೇ ಅಂತೆ. ಅವಳ ಟೀಚರೂ ಈಗ ಮೂರರವರೆಗೆ ಕಲಿತುಬಿಟ್ಟಿದ್ದಾರೆ."

ನಾನು ಏನೂ ಹೇಳದೆ ಅಂಗಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಬಾಲಬೋಧೆಯನ್ನು ಮಾತ್ರ ಹೊರಗೆ ತೆಗೆದು ಪಿಯಾನೋದ ಮೇಲೆ ಇರಿಸಿ ಬಂದೆ. ಓದುವುದಾದರೆ ಓದಲಿ.

ಊರಿಗೆ ಬಂದ ದಿನವೇ ತಾಯಿಗೆ ಎಲ್ಲವನ್ನೂ ವಿವರಿಸಿದೆ: ಸೌದೆಯ ರಾಶಿ, ಬುಗುರಿ, ಲೂಸಿಫರನ ಗೊಂದಲ, ಅಲ್ಲಾಡದ ಕೈ, ಕೊನೆಗೆ ಒಂದು ಎರಡು ಮೂರು. ಅವರು ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿದರು. ಮೊರದಿಂದ ಕಲ್ಲೊಂದನ್ನು ಹೆಕ್ಕಿ ಆಚೆಗೆಸೆದು, "ಮೂರರ ಮೇಲೆ ನಾಲ್ಕು ಬಂತೋ ಇಲ್ಲವೋ, ಅದನ್ನು ಹೇಳು" ಎಂದರು.

ಬಂದಿತ್ತು. ಮುಂದಿನ ರಚನೆ ನಾಲ್ಕರ ತಾಳದ್ದು.